ಸೆರಗು ಜೋಡಿಸುವ ಇಬ್ಬರು

ಇಳಕಲ್ಲ
೧೨ ಫೆಬ್ರುವರಿ ೨೦೨೫, ಬುಧವಾರ

ಪ್ರೀತಿಯ ಮತೀನ ಭಾಯಿಗೆ ತಂಗಿ ಖುಶನುಮಾಳ ಸಲಾಂ.

ನೀನೂ ಆಫ್ರೀನ ಭಾಬಿಯೂ ಆರಾಮ ಇದ್ದೀರಿ ಅಂದುಕೊಂಡಿದ್ದೇನೆ. ಭಾಬಿಯ ಕೆಮ್ಮು ಕಡಿಮೆಯಾಯಿತೇ? ಗೋವಾದ ನಿಮ್ಮ ಮನೆಯ ಗೋಡೆ ಚಳಿಯಲ್ಲೂ ಒದ್ದೆಯಾಗಿರುತ್ತದೆ ಎಂದು ಹೇಳಿದ್ದಳು. ಅಜವಾನ ಹುರಿದು ಬಟ್ಟೆಯಲ್ಲಿ ಕಟ್ಟಿ ಮೂಸಬೇಕಂತೆ, ದಾದಿಮಾ ಎರಡು ಸಲ ನೆನಪಿಸಿ ಬರೆಯಿಸಿದ್ದಾಳೆ. ಕೆಲಸದಲ್ಲಿ ನೀನು ಕರೆಂಟಿನ ಕಂಬ ಹತ್ತುವಾಗ ಕಾಲಲ್ಲಿ ಬೂಟು ಇರಲಿ ಎಂಬುದನ್ನೂ ಬರೆಯಿಸಿದ್ದಾಳೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಅವಳ ಮೊಣಕಾಲು ಮಾತ್ರ ಮೊದಲಿನ ಹಾಗೆಯೇ ಇದೆ.

ಫೋನು ಇರುವಾಗ ಇದೇನು ಕಾಗದ ಎಂದು ನೀನು ನಗಬಹುದು. ಫೋನಿನಲ್ಲಿ ನೀನು ದನಿ ಎತ್ತಿದರೆ ನನ್ನ ಬಾಯಿ ಕಟ್ಟುತ್ತದೆ, ನಿನಗೆ ಗೊತ್ತು. ಮೊನ್ನೆ ನೀನು “ನಾ ಇನ್ನೂ ಸತ್ತಿಲ್ಲ! ಮೊಮ್ಮಗ ಜೀವಂತ ಇದ್ದಾಗ ದಾದಿಮಾನ್ನ ಆಶ್ರಮಕ್ಕ ಕಳಸ್ತೀಯೇನು? ಮಂದಿ ಏನಂತಾರ?” ಎಂದು ಕೇಳಿದೆ. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಒಲೆಯ ಮೇಲೆ ಹಾಲಿದೆ ಎಂದು ಫೋನು ಇಟ್ಟುಬಿಟ್ಟೆ. ಒಲೆಯ ಮೇಲೆ ಏನೂ ಇರಲಿಲ್ಲ. ಅವತ್ತಿನ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ನಾನು ಐದನೆಯ ತರಗತಿಯವರೆಗೆ ಕಲಿತವಳು, ತಪ್ಪಿದ್ದರೆ ತಿದ್ದಿಕೊಂಡು ಓದು. ಭಾಬಿಗೂ ಓದಿ ಹೇಳು.

ಮೊದಲನೆಯದು, ಅದು ಆಶ್ರಮವಲ್ಲ. ಬಾದಾಮಿಯಿಂದ ಶಿವಯೋಗ ಮಂದಿರಕ್ಕೆ ಹೋಗುವ ದಾರಿಯಲ್ಲಿ, ಹೊಳೆಯ ಈಚೆಗೆ, ಸಾಲು ಮನೆಗಳಿರುವ ಹಿರಿಯರ ಕಾಲೊನಿ. ಒಂದು ಮನೆಯಲ್ಲಿ ಇಬ್ಬರು. ಅಡಿಗೆ ಎಲ್ಲರಿಗೂ ಒಂದೇ ಕಡೆ, ನರ್ಸ್ ದಿನಾ ಬರುತ್ತಾಳೆ. ಅರವತ್ತು ದಾಟಿದವರು ಮಾತ್ರ ಅಲ್ಲಿ ಮನೆ ಮಾಡಬಹುದು, ಬೇರೆಯವರು ಬಂದರೆ ತಿಂಗಳಿಗೆ ಎರಡು ರಾತ್ರಿ ಉಳಿಯಬಹುದು. ದುಡ್ಡಿನ ದಾರಿಯನ್ನು ದಾದಿಮಾ ತಾನೇ ಮಾಡಿಕೊಂಡಿದ್ದಾಳೆ, ಅದರ ಚಿಂತೆ ನಿನಗೆ ಬೇಡ. ಹೋದ ತಿಂಗಳು ನಾವಿಬ್ಬರೂ ನೋಡಿಕೊಂಡು ಬಂದೆವು. ಹುನಗುಂದದಲ್ಲಿ ಬಸ್ಸು ಬದಲಿಸಿ, ಅಮೀನಗಡದಲ್ಲಿ ಕರದಂಟು ಕೊಂಡು, ಅದನ್ನು ದಾದಿಮಾ ಬಾದಾಮಿ ಬರುವುದರೊಳಗೆ ಅರ್ಧ ತಿಂದು ಮುಗಿಸಿ, ಉಳಿದದ್ದನ್ನು ಕಾಣಿಕೆ ಎಂದು ಕೈಯಲ್ಲಿ ಹಿಡಿದುಕೊಂಡು ಹೋದೆವು. ಗೇಟಿನಲ್ಲಿ ಸಂಗಯ್ಯ ಎಂಬ ಹಿರಿಯರು ಕೂತಿದ್ದರು. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ತಂಗೀ, ನಿನಗ ಇನ್ನೂ ಭಾಳ ಟೈಮ್ ಐತಿ. ಮೊದಲ ಮುದುಕಿ ಆಗಿ ಬಾ, ಖೋಲಿ ಕೊಡ್ತೇನಿ” ಅಂದರು. ನಾನು ನಾಚಿಕೊಂಡು ದಾದಿಮಾಳ ಹಿಂದೆ ಸರಿದೆ. ದಾದಿಮಾ ಮಾತ್ರ ತಾನು ಮುದುಕಿ ಎಂಬುದಕ್ಕೆ ಬಹುಮಾನ ಬಂದ ಹಾಗೆ ತಲೆ ಎತ್ತಿ ಒಳಗೆ ನಡೆದಳು.

ಅಲ್ಲಿ ಬಸವೇಶ್ವರಿ ಅಮ್ಮ ಇದ್ದಾರೆ, ಅದು ನಿನಗೆ ಗೊತ್ತಿಲ್ಲ. ನಮ್ಮ ಹಿಂದಿನ ಓಣಿಯವರು, ಚಿಕ್ಕವನಿದ್ದಾಗ ನಿನಗೆ ಶೇಂಗಾ ಹೋಳಿಗೆ ಕೊಡುತ್ತಿದ್ದವರು. ಹೋದ ವರ್ಷ ಅವರು ಆ ಕಾಲೊನಿಗೆ ಹೋದ ಮೇಲೆ ದಾದಿಮಾ ಮಗ್ಗದ ಹತ್ತಿರ ಬರುವುದನ್ನೇ ಬಿಟ್ಟಿದ್ದಳು. ಭಾಬಿ ಬೇರೆ ಊರಿನವಳು, ಅವಳಿಗೆ ತಿಳಿಯಲೆಂದು ಬರೆಯುತ್ತೇನೆ. ನಮ್ಮ ಸೀರೆಯಲ್ಲಿ ಮೈಯ ಎಳೆಗಳು ಬೇರೆ, ಸೆರಗಿನ ಕೆಂಪು ಎಳೆಗಳು ಬೇರೆ. ಎರಡನ್ನೂ ಒಂದಕ್ಕೊಂದು ಸಿಕ್ಕಿಸಿ ಕೂಡಿಸಬೇಕು, ಅದೇ ಕೊಂಡಿ. ಒಂದು ಕೊಂಡಿ ಸಡಿಲಾದರೂ ಸೆರಗಿನ ಅಂದ ಕೆಡುತ್ತದೆ. ನಮ್ಮ ಮನೆಯಲ್ಲಿ ಇವರಿಬ್ಬರೂ ಎದುರುಬದುರು ಕೂತು ಈ ಕೆಲಸ ಮಾಡುತ್ತಿದ್ದರು. ದಾದಿಮಾ ಎಡ ಅಂಚಿನಿಂದ, ಅಮ್ಮ ಬಲ ಅಂಚಿನಿಂದ, ಮಾತಾಡುತ್ತ ಮಾತಾಡುತ್ತ ನಡುವಿನಲ್ಲಿ ಕೂಡುವುದು. ನಡುವಿಗೆ ಯಾರು ಮೊದಲು ಬಂದರು ಎಂದು ದಿನಾ ಜಗಳ.

ಅವತ್ತು ಕಾಲೊನಿಯಲ್ಲಿ ಅಮ್ಮ ಬಾಗಿಲಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ದಾದಿಮಾಳನ್ನು ನೋಡಿ ಏಳಲೂ ಇಲ್ಲ. “ಬಂದೇನ ಹುಸೇನಬಿ? ನನ್ನ ಮಣ್ಣಿಗೆ ಬರಾಕಿ ಅಂದ್ಕೊಂಡಿದ್ದೆ” ಅಂದರು. “ಅದಕ್ಕೂ ಬರ್ತೇನಿ, ನೀ ಮೊದಲ ತಯಾರಾಗು” ಎಂದು ದಾದಿಮಾ ಅವರೆದುರು ಕೂತು ಮೊರದ ಈಚೆ ಬದಿಯಿಂದ ಸುಲಿಯಲು ಶುರು ಮಾಡಿದಳು. ನಾನು ನೋಡುತ್ತ ನಿಂತೆ. ಇಬ್ಬರ ಕೈಗಳೂ ಮೊರದ ಎರಡು ಕಡೆಯಿಂದ ನಡುವಿಗೆ ಬರುತ್ತಿದ್ದವು. ಭಾಯಿ, ಮನೆಯಲ್ಲಿ ಒಂದು ವರ್ಷದಿಂದ ಕೇಳದ ದನಿಯಲ್ಲಿ ದಾದಿಮಾ ಅವತ್ತು ನಕ್ಕಳು.

ನೀನು ಕೇಳಿದ್ದೆಯಲ್ಲ, ಮೊಮ್ಮಕ್ಕಳು ಇರಬಾರದ ಮನೆ ಎಂಥ ಮನೆ ಎಂದು. ಇದೇ ಮಾತನ್ನು ನಾನು ಅವತ್ತೇ ವಾಪಸು ಬರುವಾಗ ಬಸ್ಸಿನಲ್ಲಿ ದಾದಿಮಾಗೆ ಕೇಳಿದ್ದೆ. ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು: “ನಿಮ್ಮ ನಡುವ ಕುಂತ್ರ ನಾ ಮುದುಕಿ. ಅಲ್ಲಿ ಎಲ್ಲಾರೂ ಮುದುಕ್ಯಾರು, ಅಲ್ಲಿ ನಾ ಬರೇ ಹುಸೇನಬಿ.” ನಮ್ಮ ಗಲ್ಲಿಯಲ್ಲಿ ಅವಳ ವಾರಿಗೆಯವರು ಈಗ ಒಬ್ಬರೂ ಉಳಿದಿಲ್ಲ. ನಾನು ದಿನವಿಡೀ ಮಗ್ಗದ ಕುಣಿಯಲ್ಲಿ ಕಾಲು ಇಳಿಸಿ ಕೂತಿರುತ್ತೇನೆ, ಅವಳು ಗೋಡೆಗೆ ಒರಗಿ ಬೀದಿ ನೋಡುತ್ತಾಳೆ. ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ನಿಮ್ಮಲ್ಲಿಗೆ ಬಂದಾಗಲೂ ಹಾಗೇ ಅಲ್ಲವೇ ಕೂತದ್ದು? ಭಾಬಿ ಎಷ್ಟು ಪ್ರೀತಿಯಿಂದ ನೋಡಿಕೊಂಡಳು, ಆದರೂ ಯಾವಾಗ ಊರು, ಯಾವಾಗ ಊರು ಎಂದಳು.

ಊಟದ ವಿಷಯ ನೀನು ಕೇಳುವ ಮೊದಲೇ ಹೇಳುತ್ತೇನೆ. ಅಲ್ಲಿ ಮಾಂಸ ಮಾಡುವುದಿಲ್ಲ. ದಾದಿಮಾ ಇದನ್ನು ಕೇಳಿ ಮುಖ ಸಣ್ಣದು ಮಾಡಿಕೊಂಡದ್ದು ಖರೆ. ರಂಜಾನ್‌ನಲ್ಲಿ ನಸುಕಿನ ಸಹರಿ ಊಟಕ್ಕೆ ಏಳುವುದು ಹೇಗೆ ಎಂದು ನಾನು ಕೇಳಿದ್ದಕ್ಕೆ ಬಸವೇಶ್ವರಿ ಅಮ್ಮ, “ನಾ ಎಬ್ಬಸ್ತೇನಿ. ನನಗ ಹೆಂಗೂ ನಿದ್ದಿ ಬರೂದಿಲ್ಲ, ಈಕೀಗೆ ಯಾಕ ಬರಬೇಕು?” ಅಂದರು. ಈದ್‌ಗೆ ನಾನು ಹೋಗಿ ದಾದಿಮಾಳನ್ನು ಮನೆಗೆ ಕರೆತರುತ್ತೇನೆ. ಮನಸ್ಸಿದ್ದರೆ ಅಮ್ಮನೂ ಬರಲಿ, ಅವರಿಗೆ ಬೇರೆ ಪಾತ್ರೆಯಲ್ಲಿ ಶಾವಿಗೆ.

ಇಷ್ಟಾದರೂ ದಾದಿಮಾ ಹೊರಡುತ್ತಿರಲಿಲ್ಲ. “ನೀ ಒಬ್ಬಾಕೀನ ಒಂದು ಸೀರೀಗೆ ಕೊಂಡಿ ಹಾಕಿ ತೋರಸು, ಆಮ್ಯಾಲ ನಾ ಹೋಗ್ತೇನಿ” ಎಂದು ಷರತ್ತು ಹಾಕಿದಳು. ನಾನು ಹಾಕಿ ತೋರಿಸಿದೆ. ಅವಳ ಕಣ್ಣು ಈಗ ಮಬ್ಬು, ಬೆರಳಿನಿಂದ ಸವರಿ ನೋಡುತ್ತಾಳೆ. ಸಡಿಲ ಅಂದಳು. ಇನ್ನೊಂದು ಸೀರೆಗೆ ಹಾಕಿದೆ, ಬಿಗಿಯಾಯಿತು ಅಂದಳು. ಮುಂದಿನದಕ್ಕೆ ಗಂಟು ಗಂಟು ಅಂದಳು. ನನಗೆ ಅನುಮಾನ ಬಂತು. ಒಂದು ಸಂಜೆ ಸಂದೂಕದಲ್ಲಿದ್ದ, ನಮ್ಮನ್ನು ಹೆತ್ತ ಅಮ್ಮೀಯ ಮದುವೆಯ ಸೀರೆಯನ್ನು ತೆಗೆದು, ಇದು ಇವತ್ತು ಮುಗಿಸಿದ್ದು ಎಂದು ಅವಳ ತೊಡೆಯ ಮೇಲಿಟ್ಟೆ. ಅಮ್ಮೀ ಇದ್ದಿದ್ದರೆ ನನಗೆ ಒಂದು ಏಟು ಬೀಳುತ್ತಿತ್ತು. ದಾದಿಮಾ ಬೆರಳಾಡಿಸಿ, “ಇದೇನಬೇ, ಕೋಳಿ ಕೆದರಿದಂಗ ಐತಿ! ಇಲ್ಲಿ ಉಬ್ಬೇತಿ, ಇಲ್ಲಿ ತಗ್ಗೇತಿ” ಎಂದು ಬೈದಳು. “ಇದು ಅಮ್ಮೀ ಸೀರಿ, ದಾದಿಮಾ. ನೀನೂ ಬಸವೇಶ್ವರಿ ಅಮ್ಮಾರೂ ಕೂಡಿ ಹಾಕಿದ ಕೊಂಡಿ” ಅಂದೆ. ಅವಳು ಮತ್ತೊಮ್ಮೆ ಎಡ ಅಂಚಿನಿಂದ ನಡುವಿನವರೆಗೆ ಸವರಿದಳು. “ಎಡಕ್ಕ ಚಲೋ ಐತಿ. ನಾ ಬೈದಿದ್ದು ಬಲಕ್ಕ” ಅಂದಳು.

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಂತ ಮೇಲೆ ಸೀರೆಯನ್ನು ಮಡಚುತ್ತ ಮೆಲ್ಲಗೆ ಕೇಳಿದಳು: “ನಾ ಹೋದ್ರ ನಿನ್ನ ತಪ್ಪು ಯಾರು ಹೇಳಬೇಕು?”

ಆಗ ನನಗೆ ತಿಳಿಯಿತು ಭಾಯಿ. ಅವಳಿಗೆ ಅಲ್ಲಿಗೆ ಹೋಗಲು ಹೆದರಿಕೆ ಇಲ್ಲ, ನನ್ನನ್ನು ಬಿಟ್ಟು ಹೋಗಲು ಹೆದರಿಕೆ. ನಾನು ಅವಳ ಕಾಲಿಗೆ ಕಟ್ಟಿದ ಹಗ್ಗವಾಗಲಾರೆ. ನೀನೂ ಆಗಬೇಡ. ಅವಳು ಹೋದರೆ ನನ್ನನ್ನು ಗೋವಾಕ್ಕೆ ಕರೆಸಿಕೊಳ್ಳುವ ಯೋಚನೆ ನಿನಗಿದೆ ಎಂದು ಭಾಬಿ ಹೇಳಿದಳು. ನಾನು ಬರುವುದಿಲ್ಲ. ಮಗ್ಗ ನೆಲದ ಕುಣಿಯಲ್ಲಿದೆ, ಅದನ್ನು ಚೀಲಕ್ಕೆ ಹಾಕಿಕೊಂಡು ಬರಲಾಗದು. ಪಕ್ಕದ ಮುಮ್ತಾಜ ಖಾಲಾ ರಾತ್ರಿ ನಮ್ಮಲ್ಲೇ ಮಲಗುತ್ತೇನೆಂದು ಒಪ್ಪಿದ್ದಾರೆ, ಅವರಿಗೂ ಮನೆಯಲ್ಲಿ ಯಾರೂ ಇಲ್ಲ. ದಾದಿಮಾ ಇಲ್ಲದ ಮನೆಯಲ್ಲಿ ಮೊದಲ ಕೆಲವು ದಿನ ನಾನು ಅಳುತ್ತೇನೆ, ಅದನ್ನು ಮುಚ್ಚಿಡುವುದಿಲ್ಲ. ಅತ್ತರೂ ಮಗ್ಗ ನಡೆಯುತ್ತದೆ. ಮಂದಿ ಏನಾದರೂ ಅಂದರೆ ಅನ್ನಲಿ. ಅವರು ಬಂದು ದಾದಿಮಾಳ ಎದುರು ಕೂತು ಶೇಂಗಾ ಸುಲಿಯುವುದಿಲ್ಲ.

ಇಷ್ಟು ಮಾತನ್ನು ನಾನು ಜನ್ಮದಲ್ಲಿ ಯಾರಿಗೂ ಆಡಿಲ್ಲ. ಸಿಟ್ಟು ಬಂದರೆ ಭಾಬಿ ಮಾಡಿದ ಚಹಾ ಕುಡಿದು ಇನ್ನೊಮ್ಮೆ ಓದು. ದಾದಿಮಾ ನಿಮ್ಮಿಬ್ಬರಿಗೂ ದುವಾ ಕಳಿಸಿದ್ದಾಳೆ, ಭಾಬಿಗೆ ನನ್ನ ಸಲಾಂ.

ನಿನ್ನ ತಂಗಿ,
ಖುಶನುಮಾ

ಮರೆತಿದ್ದೆ: ಖಾಲಾ ಅಂಚೆಗೆ ಹಾಕಲು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಇದರ ಜೊತೆ ಭಾಬಿಗೆ ಒಂದು ಸೀರೆ ಇದೆ. ಅದರ ಕೊಂಡಿ ಎರಡು ಅಂಚಿನಿಂದಲೂ ನನ್ನದೇ. ಇವತ್ತು ಬೆಳಿಗ್ಗೆ ದಾದಿಮಾ ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ಸವರಿದಳು. ಒಂದು ತಪ್ಪೂ ತೆಗೆಯಲಿಲ್ಲ. ಎದ್ದು ಒಳಗೆ ಹೋಗಿ ಗೂಟದ ಮೇಲಿನ ತನ್ನ ಚೀಲ ಕೆಳಗಿಳಿಸಿದಳು. ಈ ಶನಿವಾರದ ಆಚೆಯ ಶನಿವಾರ ಬೆಳಿಗ್ಗೆ ಬಸ್ಸು. ಕಾಗದ ಇನ್ನೂ ಹೊರಟಿಲ್ಲ, ಆಗಲೇ ಮಡಿಲಲ್ಲಿ ಫೋನು ಇಟ್ಟುಕೊಂಡು ನಿನ್ನ ಹೂಂ ಕಾಯುತ್ತ ಕೂತಿದ್ದಾಳೆ. ನೀನು ಹೂಂ ಅಂದರೆ ನಗುತ್ತ ಬಸ್ಸು ಹತ್ತುತ್ತಾಳೆ. ಅನ್ನದಿದ್ದರೆ ನಾನೇ ಕೈ ಹಿಡಿದು ಹತ್ತಿಸುತ್ತೇನೆ.