ಎರಡು ಡ್ರಮ್ಮಿನ ಮೇಲೆ ಒಂದೇ ಹೆಸರು

ಲಕ್ಷ್ಮೇಶ್ವರ
ಶುಕ್ರವಾರ, ೨೧ ಜನವರಿ ೨೦೦೦

ಮುಂಡರಗಿಯಲ್ಲಿ ಬೇರೆ ಮನೆ, ಬೇರೆ ಬ್ಯಾಂಡು ಮಾಡಿಕೊಂಡಿರುವ ನನ್ನ ಇಜಾಜಭಾಯಿಗೆ ತಂಗಿ ರುಹಿಯ ಸಲಾಂ.

ನೀನು ಆರಾಮ ಇದ್ದೀ ಅಂತ ನಮ್ಮ ಬ್ಯಾಂಡಿನ ತಾಳದ ಮಾಶಾಕಚಾಚಾ ಹೇಳಿದ. ಇಷ್ಟು ದಿನ ಅಷ್ಟರಲ್ಲೇ ಸಮಾಧಾನ ಮಾಡಿಕೊಂಡಿದ್ದೆ. ಇವತ್ತು ಆಗಲಿಲ್ಲ. ಎರಡು ಸಲ ರೊಟ್ಟಿ ಸೀಯಿಸಿದೆ. ಮದವಿ ಹುಡುಗಿ ಹಿಂಗ ಕರಕ ರೊಟ್ಟಿ ಮಾಡಿದರ ಮೂರ ದಿನದಾಗ ತಿರುಗಿ ಕಳಸತಾರ ಅಂತ ಅಮ್ಮಿ ಬೈದಳು. ಅವಳು ಹಿತ್ತಲಿಗೆ ಹೋದಾಗ ಈ ಕಾಗದ ಹಿಡಿದು ಕೂತಿದ್ದೇನೆ. ನಾಲ್ಕನೇ ಇಯತ್ತೆ ಕಲಿತವಳು, ತಪ್ಪಿದ್ದರೆ ನಗಬೇಡ. ಲಕೋಟೆಯ ಮೇಲೆ ರೂಢಿಯಂತೆ ಧಾರವಾಡ ಜಿಲ್ಲೆ ಅಂತ ಬರೆದು, ಹೊಡೆದು ಹಾಕಿ, ಗದಗ ಜಿಲ್ಲೆ ಮಾಡಿದ್ದೇನೆ.

ಫೆಬ್ರುವರಿ ಆರಕ್ಕೆ, ರವಿವಾರ, ನನ್ನ ನಿಕಾ. ಹುಡುಗ ಶಿರಹಟ್ಟಿಯವನು, ಸೈಕಲ್ ಅಂಗಡಿ ಇದೆ. ಅಬ್ಬಾ ತೀರಿದ ಮೇಲೆ ಅವರ ಜಾಗದಲ್ಲಿ ಬಡೇಭಾಯಿ ಇಸಾಕ ಕೂಡುತ್ತಾನೆ. ಆದರೆ ನಿಕಾದ ವಕೀಲನಾಗಿ ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಹೆಂಗಸರ ಕೋಣೆಗೆ ಬಂದು, ರುಹಿ, ಈ ಹುಡುಗ ನಿನಗೆ ಕಬೂಲೇನು ಅಂತ ಕೇಳಬೇಕಾದವನು ನೀನು. ಆ ಕೆಲಸವನ್ನು ಬಡೇಭಾಯಿ ಮಾಶಾಕಚಾಚಾನಿಗೆ ಹಚ್ಚಿದ್ದಾನೆ. ಮೊದಲ ಸಲ ನಾನು ಬಾಯಿ ಬಿಟ್ಟು, ಇಜಾಜಭಾಯಿ ಬರಲಿ ಅಂದೆ. ಬಡೇಭಾಯಿ ಊದುವ ಬಿಗಿಲು ಒರೆಸುತ್ತ ಕೂತಿದ್ದ, ತಲೆ ಎತ್ತಲಿಲ್ಲ. ಮೊದಲ ಅಂವಾ ಡ್ರಮ್ಮಿನ ಮ್ಯಾಲಿನ ಹೆಸರು ಕೆರದ ಹಾಕಲಿ, ಆಮ್ಯಾಲ ಹೊಸ್ತಿಲಾ ತುಳೀಲಿ ಅಂದ.

ಬ್ಯಾಂಡಿನವರ ಮನೆಯ ಮದುವೆಯಲ್ಲಿ ಮನೆಯವರು ಊದುವಂತಿಲ್ಲ, ಬೇರೆ ಬ್ಯಾಂಡಿನವರು ಮುಯ್ಯಿ ಅಂತ ಬಂದು ಊದುತ್ತಾರೆ. ನಿನಗೆ ಗೊತ್ತಿದ್ದದ್ದೇ. ಬೆಟಗೇರಿಯವರನ್ನು ಕರೆದರೆ, ನೀವಿಬ್ಬರೂ ಒಂದ ಆಗ್ರಿ, ಒಬ್ಬನ ಕಡೆ ಊದಿ ಇನ್ನೊಬ್ಬನ ಕಣ್ಣಾಗ ಯಾಕ ಬೀಳೂನು ಅಂದರಂತೆ. ನನ್ನ ಮೆರವಣಿಗೆ ಸುಮ್ಮನೆ ಹೋದರೂ ಚಿಂತೆಯಿಲ್ಲ. ಕೇಳುವುದಕ್ಕೆ ನೀನು ಬರದಿದ್ದರೆ ನನ್ನ ಬಾಯಿಂದ ಹೂಂ ಹೊರಡುತ್ತದೋ ಇಲ್ಲವೋ ಅದೇ ಭಯ.

ಒಂದು ಹೆಸರಿಗಾಗಿ ಇಷ್ಟೆಲ್ಲ. ಆ ಹೆಸರಿನ ಮನುಷ್ಯ ನಮ್ಮ ಊರಿನವನೂ ಅಲ್ಲ, ನಮ್ಮ ದೇಶದವನೂ ಅಲ್ಲ. ಅಬ್ಬಾನ ಅಪ್ಪ, ನಮ್ಮ ದಾದಾ, ಗದಗ ಸ್ಟೇಷನ್ನಿನ ಹತ್ತಿರ ಯಾರೋ ಪೇಪರ್ ಓದುವುದನ್ನು ಕೇಳಿದ್ದರಂತೆ. ತುರ್ಕಸ್ತಾನದಲ್ಲಿ ಕೆಮಾಲ್ ಅನ್ನುವವನು ಬಿದ್ದ ದೇಶವನ್ನು ಎಬ್ಬಿಸಿ ನಿಲ್ಲಿಸಿದ, ಅಲ್ಲಿಯ ಜನ ಅವನಿಗೆ ಅತಾತುರ್ಕ್, ತುರ್ಕರ ತಂದೆ, ಅಂತ ಹೆಸರು ಕೊಟ್ಟರು ಅಂತ. ದಾದಾ ಆ ಹೆಸರನ್ನೇ ನಮ್ಮ ಬ್ಯಾಂಡಿಗಿಟ್ಟು, ಹುಲಕೋಟಿಯ ಮಾಸ್ತರರೊಬ್ಬರ ಕೈಯಿಂದ ಅದನ್ನು ಇಂಗ್ಲಿಷಿನಲ್ಲಿ ಬರೆಸಿಕೊಂಡು ಬಂದು ತಗಡಿನಲ್ಲಿ ಅಚ್ಚು ಕತ್ತರಿಸಿದರು. ಕನ್ನಡದಾಗ ಬರದರ ಊರ ಬ್ಯಾಂಡ್, ಇಂಗ್ಲಿಷಿನ್ಯಾಗ ಬರದರ ಪಲ್ಟನ್ ಬ್ಯಾಂಡ್ ಅನ್ನುತ್ತಿದ್ದರಂತೆ. ಲಗ್ನದ ಸೀಸನ್ ಬರುವ ಮೊದಲು ಡ್ರಮ್ಮಿನ ಮೇಲೆ ಆ ಅಚ್ಚು ಇಟ್ಟು ಕೆಂಪು ಬಣ್ಣ ತುಂಬುವುದು ನನ್ನ ಕೆಲಸವಾಗಿತ್ತು. ಯಾವ ಅಕ್ಷರ ಏನು ಅಂತ ಈಗಲೂ ನನಗೆ ಗೊತ್ತಿಲ್ಲ. ಕೈಗೆ ಗೊತ್ತು, ಈಗ ಅಚ್ಚಿಲ್ಲದೆಯೇ ಹಳೆಯ ಗೆರೆಯ ಮೇಲೆ ತುಂಬುತ್ತೇನೆ.

ದೀಪಾವಳಿಯಾದ ಮೇಲೆ ಹಮ್ಮಿಗಿಯ ಮದುವೆಯಲ್ಲಿ ಆದದ್ದನ್ನು ಎಷ್ಟು ಸಲ ಕೇಳಿದೆನೋ. ಹೆಣ್ಣಿನ ಕಡೆಯವರು ಬ್ಯಾಂಡಿಗೆ ನಿನಗೆ ಹೇಳಿದ್ದರು, ಗಂಡಿನ ಕಡೆಯವರು ಇಲ್ಲಿ ಹೇಳಿದ್ದರು. ಇಬ್ಬರೂ ಹೆಸರು ನಂಬಿ ಹೇಳಿದವರೇ. ಹೊಳೆಯ ಹಾದಿಯಲ್ಲಿ ಎರಡು ಬ್ಯಾಂಡು ಎದುರುಬದುರು ನಿಂತವಂತೆ, ಎರಡೂ ಡ್ರಮ್ಮಿನ ಮೇಲೆ ಒಂದೇ ಹೆಸರು. ಮದುಮಗನ ಕುದುರೆ ನಡುವೆ ನಿಂತೇ ಇತ್ತಂತೆ. ಆ ತುರ್ಕಸ್ತಾನದವಗ ಹೊಟ್ಟಿಲೆ ಹುಟ್ಟಿದ ಮಕ್ಕಳ ಇರಲಿಲ್ಲಂತ, ಇವರಿಬ್ಬರೂ ಅವನ ಆಸ್ತಿಗೆ ಬಡದಾಡಾಕತ್ತಾರ ನೋಡ್ರಿ ಅಂತ ಚಹಾದಂಗಡಿ ಈಶಪ್ಪ ನಗಿಸಿದನಂತೆ. ಎಲ್ಲರೂ ನಕ್ಕಾಗಲೇ ಬಡೇಭಾಯಿ ಸಿಟ್ಟಿಗೆದ್ದು, ಅಚ್ಚು ಕದ್ದ ಕಳ್ಳ ಅಂತ ನಿನ್ನನ್ನು ಅಂದದ್ದು.

ಮೊನ್ನೆ ಮದುವೆಯ ಸುದ್ದಿ ಹೇಳಲು ಬಂದ ಮಾಶಾಕಚಾಚಾನಿಗೆ ನೀನು ಅಂದೆಯಂತೆ: ಕೌದ್ಯಾಗ ಅಚ್ಚು ಇಟ್ಟು ಕಳಿಸಿದವನೂ ಅವನ, ನಾಕ ಮಂದ್ಯಾಗ ಕಳ್ಳ ಅಂದವನೂ ಅವನ, ಆ ಮನಿಗಿ ನಾ ಬರೂದಿಲ್ಲ. ಚಾಚಾ ಅದನ್ನು ಬಡೇಭಾಯಿಗೆ ಹೇಳಲಿಲ್ಲ, ನನ್ನ ಮುಂದೆ ಹೇಳಿದ. ಬಡೇಭಾಯಿ ಬಾಯಿಂದ ಹೇಳಲಾಗದೆ ಹಾಗೆ ಹರಸಿ ಕಳಿಸಿದ ಅಂತ ನೀನು ಇಷ್ಟು ದಿನ ತಿಳಿದಿದ್ದೀ.

ಅವನು ಇಟ್ಟದ್ದಲ್ಲ, ಭಾಯಿ. ನಾನು ಇಟ್ಟದ್ದು.

ನೀನು ಮನೆ ಬಿಟ್ಟುಹೋದ ದಿನ ನೀವಿಬ್ಬರೂ ಅಂಗಳದಲ್ಲಿ ಜಗಳಾಡುತ್ತಿದ್ದಾಗ ನಾನೇ ನಿನ್ನ ಕೌದಿ ಮಡಚಿದೆ, ನಡುವೆ ಅಚ್ಚನ್ನು ಸೇರಿಸಿದೆ. ನಿನಗೆ ಬದುಕಲು ಆಗಲಿ ಅಂತ ಇಟ್ಟೆ ಅಂದರೆ ಸುಳ್ಳಾಗುತ್ತದೆ. ಅಚ್ಚು ಕಾಣದಿದ್ದರೆ ಬಡೇಭಾಯಿ ಅದನ್ನು ಹುಡುಕಿಕೊಂಡು ನಿನ್ನ ಹಿಂದೆ ಬರುತ್ತಾನೆ, ಅಚ್ಚಿನ ನೆವದಲ್ಲಿ ನಿನ್ನನ್ನೂ ಕರೆತರುತ್ತಾನೆ ಅಂದುಕೊಂಡೆ. ಅವನು ಬರಲಿಲ್ಲ. ನಿನ್ನನ್ನು ಕಳ್ಳ ಮಾಡಿಕೊಂಡು ಕೂತ. ನೀನು ಅದನ್ನು ಡ್ರಮ್ಮಿನ ಮೇಲೆ ಇಟ್ಟು ಬಣ್ಣ ತುಂಬಿದೆ. ಎರಡು ವರ್ಷ ಇಬ್ಬರಿಗೂ ನೀರು ಕೊಟ್ಟು, ಊಟ ಬಡಿಸಿ, ನಾನು ಹೇಳಲಿಲ್ಲ ಅಂತ ಬರೆಯಹೊರಟೆ. ಅದೂ ತಪ್ಪು, ನಿನಗೆ ಬಡಿಸಿಯೇ ಎರಡು ವರ್ಷವಾಯಿತು.

ಹೆಸರು ಯಾರದು ಅಂತ ಹೇಳುವಷ್ಟು ತಿಳುವಳಿಕೆ ನನಗಿಲ್ಲ. ಕಳ್ಳ ಯಾರು ಅಂತ ಗೊತ್ತು. ಅದಕ್ಕೆ ನೀನು ಬಂದು ಕೇಳು. ನಾನು ಹೂಂ ಅನ್ನುತ್ತೇನೆ.

ನಿನ್ನ ಹಾದಿ ಕಾಯುತ್ತಿರುವ ತಂಗಿ
ರುಹಿ

ತಾ. ಕ.: ಲಕೋಟೆಗೆ ಅಂಟು ಹಚ್ಚಿಲ್ಲ. ಪೋಸ್ಟಿಗೆ ಹಾಕು ಅಂತ ಬಡೇಭಾಯಿಯ ಕೈಗೇ ಕೊಡುತ್ತೇನೆ. ಎದುರು ನಿಂತು ಹೇಳುವ ಧೈರ್ಯ ನನಗಿಲ್ಲ. ಮೇಲೆ ನಿನ್ನ ಹೆಸರು ನೋಡಿದರೆ ಅವನು ತೆರೆಯದೆ ಬಿಡುವುದಿಲ್ಲ. ಬಡೇಭಾಯಿ, ಇಲ್ಲಿಯತನಕ ಓದಿದ್ದರೆ ಇದನ್ನು ಡಬ್ಬಿಗೆ ಹಾಕಬೇಡ. ಮುಂಡರಗಿ ಬಸ್ಸು ಹತ್ತಿ ನೀನೇ ಅವನ ಕೈಗೆ ಕೊಡು. ಬೈಯುವುದಿದ್ದರೆ ಇಬ್ಬರೂ ಕೂಡಿ ಬಂದು ನನ್ನನ್ನು ಬೈಯಿರಿ.