ಅಪ್ಪ ಕಳಿಸಿದ ಹಲಗೆ

ಒಹಾಯೊ, ಅಕ್ಟೋಬರ್ ೯

ಅಪ್ಪಾ,

ನೀವು ಕಳಿಸಿದ ಹಲಗೆ ಬಂತು. ನಿಮ್ಮ ಕಾಲೇಜು ದಿನಗಳಲ್ಲಿ, ಇಲ್ಲಿನ ಹಳೇ ಫ್ರಟರ್ನಿಟಿ ಅನ್ನೋ ವಿದ್ಯಾರ್ಥಿ ಸಂಘ ಸೇರೋ ಹುಡುಗರ ಕುಂಡಿಗೆ ಇದರಲ್ಲೇ ಬಾರಿಸ್ತಿದ್ದಿರಂತಲ್ಲ. ಜೊತೆಗಿದ್ದ ಚೀಟಿಯನ್ನೂ ಓದಿದೆ: "ಅಣ್ಣಂದಿರ ಏಟು ತಿನ್ನದೆ ಯಾವನೂ ತಮ್ಮ ಆಗಲ್ಲ ಕಣೋ."

ಹೋದ ವರ್ಷ ಅದೇ ಸಂಘದಲ್ಲಿ, ನನ್ನ ಪಕ್ಕ ನಿಂತಿದ್ದ ಗ್ರೇಡಿ ಏಟು ತಿಂದ. ಮೂರು ವಾರ ಬೋರಲು ಮಲಗಿದ್ದ. ನೋಡೋಕೆ ಸಂಘದ ಆ ಹಿರಿಯ ಅಣ್ಣಂದಿರಲ್ಲಿ ಒಬ್ಬನೂ ಬರಲಿಲ್ಲ. ಅವನಿಗೆ ಏಟು ಬಿದ್ದ ದಿನವೇ ನಾನು ಸಂಘ ಬಿಟ್ಟೆ. ಹೆದರಿ ಓಡಿದ ಅಂತ ನೀವು ಊರೆಲ್ಲ ಹೇಳಿದಿರಿ. ಹೇಳ್ಕೊಳ್ಳಿ.

ಈಗ ನಾವು ಹನ್ನೊಂದು ಜನ ಬೇರೊಂದು ಸಂಘದ ಶಾಖೆ ಶುರು ಮಾಡ್ತಿದ್ದೀವಿ. ಲಾಂಡ್ರಿ ಅಂಗಡಿ ಮೇಲೊಂದು ರೂಮು, ಗ್ರೇಡಿನೇ ಅಧ್ಯಕ್ಷ. ಇಲ್ಲಿ ಯಾರೂ ಯಾರಿಗೂ ಹೊಡೆಯಲ್ಲ. ಕೆಳಗಿನ ಹಬೆ ಹೋಗೋಕೆ ಕಿಟಕಿ ಮೇಲಕ್ಕೆತ್ತಿದರೆ ಅದು ನಿಲ್ಲದೆ ಕೆಳಕ್ಕೆ ಜಾರ್ತಿತ್ತು. ನಿಮ್ಮ ಹಲಗೆ ಕೊಟ್ಟು ನಿಲ್ಲಿಸಿದ್ದೀವಿ. ವಾಪಸ್ ಕೇಳಬೇಡಿ.

ಶನಿವಾರ ಪ್ರಮಾಣವಚನ. ಅಂಗಿಯ ಎದೆಗೆ ಸದಸ್ಯರ ಬಿಲ್ಲೆ ಚುಚ್ಚಬೇಕಾದವನು ಸಂಘದ ಹಿರಿಯ ಅಣ್ಣ. ನಾವೇ ಮೊದಲಿಗರು, ನಮಗೆ ಅಣ್ಣಂದಿರಿಲ್ಲ. ಅದಕ್ಕೇ ಮನೆಯವರನ್ನ ಕರೆದಿದ್ದೀವಿ. ಗ್ರೇಡಿಗೆ ಅವನ ಅಜ್ಜಿ ಬರ್ತಾರೆ. ನನಗೆ ಅಂತ ನಿಮ್ಮ ಹೆಸರು ಬರೆಸಿದ್ದೀನಿ.

ಬೆಳಿಗ್ಗೆ ಹನ್ನೊಂದಕ್ಕೆ. ಬರೋದಾದರೆ ಬರಿಗೈಲಿ ಬನ್ನಿ.

ಈಗಲೂ ನಿಮ್ಮ ಮಗನೇ,
ನೋಲನ್