ಹೆಸರು ಕೇಳುವ ಯಂತ್ರ

ಬಿಷ್ಕೆಕ್, ಸೋಮವಾರ

ತಿಲೆಕ್ ಅಣ್ಣನವರಿಗೆ,

ಇಂಟರಾಕ್ಷನ್ ಡಿಸೈನ್‌ನಲ್ಲಿ, ಅಂದರೆ ಯಂತ್ರ ಜನರೊಡನೆ ಹೇಗೆ ವ್ಯವಹರಿಸಬೇಕೆಂದು ರೂಪಿಸುವ ವಿದ್ಯೆಯಲ್ಲಿ, ಮಾಸ್ಟರ್ಸ್ ಮಾಡಲೋ ಬೇಡವೋ ಎಂದು ತಿಂಗಳಿಂದ ಒದ್ದಾಡುತ್ತಿದ್ದೆ. ಶಿಫಾರಸು ಪತ್ರ ಕೇಳಿದಾಗ ನೀವು ಇಡೀ ಆಫೀಸಿನ ಮುಂದೆ, "ಮೂರು ವರ್ಷದಿಂದ ಸ್ಕ್ರೀನ್ ಮೇಲೆ ಬಟನ್ ಬಿಡಿಸ್ತಾನೇ ಇದೀಯ, ಇನ್ನೇನಮ್ಮ ಕಲಿಯೋದು?" ಎಂದು ನಕ್ಕಿರಿ. ನನಗೂ ಹೌದೆನಿಸಿತ್ತು.

ಮೊನ್ನೆ ನಾರಿನ್‌ನಲ್ಲಿ ನನ್ನಜ್ಜಿ ಒಬ್ಬಳೇ ಆಸ್ಪತ್ರೆಗೆ ಹೋಗಿದ್ದಳು. ಓದಲಾಗದವರಿಗೆಂದು ನಾವು ಮಾಡಿಕೊಟ್ಟ ಟೋಕನ್ ಯಂತ್ರ, "ನಿಮ್ಮ ಪೂರ್ತಿ ಹೆಸರು ಹೇಳಿ" ಎಂದಿತು. ಅಜ್ಜಿಯ ಮನೆತನದ ಹೆಸರೆಂದರೆ ಅವಳ ಮಾವನ ಹೆಸರು. ಸೊಸೆಯಾದವಳು ಮಾವನ ಹೆಸರು ಹೇಳಬಾರದೆಂಬ ನಮ್ಮ ಪದ್ಧತಿಯಂತೆ, ಮದುವೆಯಾದ ಅರವತ್ತು ವರ್ಷದಲ್ಲಿ ಒಮ್ಮೆಯೂ ಅದನ್ನು ಅವಳು ಬಾಯಿಬಿಟ್ಟು ಹೇಳಿಲ್ಲ. ಯಂತ್ರ ಮೂರು ಸಲ "ಸ್ಪಷ್ಟವಾಗಿ ಹೇಳಿ" ಎಂದಿತಂತೆ. ಅವಳು ಡಾಕ್ಟರನ್ನು ಕಾಣದೆ ಮನೆಗೆ ಬಂದು ನನಗೆ ಫೋನ್ ಮಾಡಿದಳು.

"ಅಲ್ವೇ, ನಿನ್ ಯಂತ್ರಕ್ಕೆ ಮಾನ ಮರ್ಯಾದೆ ಇಲ್ವಾ? ಅಷ್ಟು ಜನರ ಮುಂದೆ ಮಾವನ ಹೆಸರು ಕೂಗು ಅನ್ನತ್ತೆ!"

ಇದು ನಮಗೆ ಗೊತ್ತಿಲ್ಲದ ಸಂಗತಿಯೇ, ಅಣ್ಣ? ಆಫೀಸಿನ ಹುಡುಗರ ಬಾಯಲ್ಲಿ ಹೆಸರು ಹೇಳಿಸಿ ಯಂತ್ರವನ್ನು ಪರೀಕ್ಷಿಸಿ, ಎಲ್ಲ ಸರಿಯಿದೆ ಎಂದು ಬರೆದುಕೊಟ್ಟವಳು ನಾನೇ.

ಶಿಫಾರಸು ಪತ್ರದ ಕರಡು ಇದರ ಜೊತೆಗಿದೆ. ಶುಕ್ರವಾರದೊಳಗೆ ನಿಮ್ಮ ಸಹಿ ಬೇಕು. ಇನ್ನೂ ಕಲಿಯುವುದೇನಿದೆ ಎನಿಸಿದರೆ, ನಿಮ್ಮ ತಾಯಿಯವರನ್ನು ಆ ಯಂತ್ರದ ಮುಂದೆ ನಿಲ್ಲಿಸಿ. ಅವರು ಪೂರ್ತಿ ಹೆಸರು ಹೇಳಿದರೆ ಅರ್ಜಿಯನ್ನು ನಾನೇ ಹರಿದುಹಾಕುತ್ತೇನೆ.

ಇಂತಿ,
ನಿಮ್ಮ ಬಟನ್ ಬಿಡಿಸುವವಳು,
ಬೆಗಿಮಾಯ್